ಏಳನೆಯ ಅಂಗಿ

ನಮ್ಮ ಸಂಸತ್ ಸದಸ್ಯರು ಸದನದಲ್ಲಿ ಕೂತು ಏನು ಮಾಡುತ್ತಾರೆ ಎಂಬುದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಎಂದು ನಾನು ನಾಲ್ಕು ತಿಂಗಳು ನಂಬಿದ್ದೆ. ನನ್ನ ಜೊತೆ ಇಡೀ ಬೀದಿ ನಂಬಿತ್ತು. ನಂಬದೆ ಇದ್ದವಳು ಒಬ್ಬಳೇ ಒಬ್ಬಳು. ನನ್ನ ಗ್ರಹಚಾರಕ್ಕೆ ನಾನು ಮದುವೆಯಾಗಿರುವುದು ಅವಳನ್ನೇ.

ನಾನು ಲಾಂಡ್ರಿಯವನು. ಮುಂದಿನ ಕೋಣೆಯಲ್ಲಿ ಗಿರಾಕಿಗಳು, ಬಟ್ಟೆಯ ಕಪಾಟು, ಹೆಂಡತಿ. ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು ಮತ್ತು ನಾನು. ಅದರಾಚೆ ಅಂಗಳದಲ್ಲಿ ತೊಟ್ಟಿ, ಒಣಗಿಸುವ ತಂತಿ. ಮಹಡಿಯ ಮೇಲೆ ಸಂಸಾರ. ಬಟ್ಟೆ ಒಳಗೆ ಬರುವುದು, ಹೊರಗೆ ಹೋಗುವುದು ಅವಳ ಖಾತೆ. ನಡುವಿನ ನೀರು, ಸೋಪು, ಗಂಜಿ, ಬಿಸಿ ಎಲ್ಲ ನನ್ನ ಖಾತೆ. ಇಪ್ಪತ್ತೈದು ವರ್ಷದಿಂದ ಹೀಗೆ ನಡೆಯುತ್ತಿರುವ ಸಮ್ಮಿಶ್ರ ಸರ್ಕಾರ ಇದು (ಬಹುಮತ ಯಾರ ಕಡೆಗೆ ಎಂದು ದಯವಿಟ್ಟು ಕೇಳಬೇಡಿ).

ಸಂಸದರ ಮನೆ ನಮ್ಮಿಂದ ಎರಡು ಬೀದಿ ಆಚೆ. ಸದನ ನಡೆಯುವಾಗಲೂ ವಾರದ ಕೊನೆಗೆ ಊರಿಗೆ ಬಂದು ಹೋಗುತ್ತಾರೆ. ಅವರ ಡ್ರೈವರು ಪ್ರತಿ ಶನಿವಾರ ಮಾಸಿದ ಆರು ಬಿಳಿ ಅಂಗಿ ಕೊಟ್ಟು, ಒಗೆದ ಆರು ಒಯ್ಯುತ್ತಾನೆ. ನಮ್ಮಲ್ಲಿ ಬಿಳಿ ಬಟ್ಟೆ ಒಗೆಯುವುದು ಶುಕ್ರವಾರ ಮಾತ್ರ, ಅದರ ಇಸ್ತ್ರಿ ಸೋಮವಾರ. ಹೀಗಾಗಿ ಬಂದ ಅಂಗಿ ವಾಪಸ್ಸು ಹೋಗುವಷ್ಟರಲ್ಲಿ ಎರಡು ವಾರ ಆಗುತ್ತದೆ. ಆತುರ ಇದ್ದವರು ಬೇರೆ ಲಾಂಡ್ರಿ ನೋಡಿಕೊಳ್ಳಬಹುದು. ಒಟ್ಟಿನಲ್ಲಿ ಅವರ ಆರು ಅಂಗಿ ಯಾವಾಗಲೂ ಮಾಸಿ ಗಂಟಿನಲ್ಲಿರುತ್ತವೆ, ಇನ್ನಾರು ಇಸ್ತ್ರಿಯಾಗಿ ಕಪಾಟಿನಲ್ಲಿರುತ್ತವೆ. ಪ್ರತಿಯೊಂದರ ಕಾಲರಿನ ಒಳಗೂ ಅಳಿಸಲಾಗದ ಶಾಯಿಯಲ್ಲಿ ಅವರ ಗುರುತು: ಎರಡು ಚುಕ್ಕಿ, ಒಂದು ಗೀಟು.

ಇದೆಲ್ಲ ಶುರುವಾದದ್ದು ನಮ್ಮ ಅಂಗಡಿಕಾರರ ಸಂಘದ ಚುನಾವಣೆಯಿಂದ. ಅಧ್ಯಕ್ಷರಾಗಿದ್ದ ಸೈಕಲ್ ಷಾಪಿನ ಅಜ್ಜ ಇನ್ನು ಸಾಕಪ್ಪಾ ಎಂದು ಕೈ ಮುಗಿದರು. ಆ ಕುರ್ಚಿಯ ಮೇಲೆ ನನಗೆ ಹತ್ತು ವರ್ಷದಿಂದ ಕಣ್ಣು. ಆದರೆ ಎದುರಿನ ಕ್ಷೌರದಂಗಡಿಯವನೂ ನಿಲ್ಲುತ್ತೇನೆ ಎಂದ. ಅವನ ಜೊತೆ ಸ್ಪರ್ಧೆ ಅಂದರೆ ಸುಮ್ಮನೆಯೇ? ದಿನಕ್ಕೆ ಇಪ್ಪತ್ತು ಮತದಾರರು ಅವನ ಮುಂದೆ ತಲೆ ತಗ್ಗಿಸಿ ಕೂರುತ್ತಾರೆ. ಅವನು ಏನು ಹೇಳಿದರೂ ಅಲ್ಲಾಡುವ ಹಾಗಿಲ್ಲ, ಯಾಕೆಂದರೆ ಕತ್ತಿನ ಹತ್ತಿರ ಕತ್ತಿ ಇರುತ್ತದೆ.

ನಾನು ಏನಾದರೂ ದೊಡ್ಡದು ಮಾಡಲೇಬೇಕಿತ್ತು. ಆಗ ಕಾಲೇಜಿಗೆ ಹೋಗುವ ನನ್ನ ಮಗಳು ಊಟದ ಹೊತ್ತಿನಲ್ಲಿ ಫೋನು ಹಿಡಿದು ಓದಿದಳು.

"ಅಪ್ಪಾ, ಇಲ್ಲಿ ನೋಡಿ. ಎಂಪಿಗಳ ಲೆಕ್ಕ ಎಲ್ಲಾ ಹಾಕಿದಾರೆ. ನಮ್ಮ ಎಂಪಿ ಹಾಜರಿ ನೂರಕ್ಕೆ ತೊಂಬತ್ತೊಂದು. ಮಾತಾಡಿದ್ದು ನಲವತ್ತೆರಡು ಸಲ. ಮತ ಹಾಕಿದ್ದು ಐವತ್ತೆಂಟು. ಖರ್ಚಂತೂ ಬಟ್ಟೆ ಒಗೆಸೋದನ್ನೂ ಬಿಟ್ಟಿಲ್ಲ. ವಾರಕ್ಕೆ ಆರು ಅಂಗಿ ಅಂತ ಬರೆದಿದಾರೆ."

"ಸುಳ್ಳು," ಎಂದೆ.

"ಯಾವುದು?"

"ಎಲ್ಲಾ! ಬಾಗಿಲಲ್ಲಿ ಸಹಿ ಹಾಕಿದ್ರೆ ಹಾಜರಿ. ಕೆಮ್ಮಿದ್ರೆ ಭಾಷಣ. ಕಾಗದ ಏನು ಬೇಕಾದ್ರೂ ಹೇಳತ್ತೆ ಮಗಳೇ. ಬಟ್ಟೆ ಸುಳ್ಳು ಹೇಳಲ್ಲ."

ಹಾಗೆ ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು. ಸುಕ್ಕುಶಾಸ್ತ್ರ ಎಂಬ ಮಹಾವಿದ್ಯೆ ಹುಟ್ಟಿದ್ದು ಆ ಕ್ಷಣದಲ್ಲಿ, ನಮ್ಮ ಊಟದ ಮೇಜಿನ ಮೇಲೆ.

ಮರುದಿನ ಶುಕ್ರವಾರ. ತೊಟ್ಟಿಯ ಪಕ್ಕ ಸಂಸದರ ಅಂಗಿಗಳನ್ನು ಒಂದೊಂದಾಗಿ ಹರಡಿ, ಕನ್ನಡಕ ಏರಿಸಿ ಪರೀಕ್ಷಿಸಿದೆ. ಆರು ಅಂಗಿಗಳ ಬೆನ್ನಿನಲ್ಲಿ ಹೇಳಿಕೊಳ್ಳುವಂಥ ಸುಕ್ಕೇ ಇಲ್ಲ. ಅಂದರೆ ಮನುಷ್ಯ ಕೂತೇ ಇಲ್ಲ! ಸಹಿ ಹಾಕಿ ಹೊರಟುಬಿಟ್ಟಿದ್ದಾನೆ. ಬಲಗೈ ಕಂಕುಳಿನ ಹೊಲಿಗೆ ಒಂದಿಷ್ಟೂ ಜಗ್ಗಿಲ್ಲ. ಅಂದರೆ ಮತಕ್ಕೆ ಕೈ ಎತ್ತಿಲ್ಲ. ತೋಳಿನ ತುದಿ ಸ್ವಚ್ಛ. ಮೇಜು ಗುದ್ದಿ ಮಾತಾಡುವವನ ತೋಳು ಹೀಗಿರುತ್ತದೆಯೇ? ಆಮೇಲೆ ಅದೇ ಗುರುತಿನ ಇನ್ನೊಂದು ಅಂಗಿ ಸಿಕ್ಕಿತು. ಅಯ್ಯೋ ದೇವರೇ, ಅದರ ಅವಸ್ಥೆ! ಬೆನ್ನಿನ ಮೇಲೆ ಅಡ್ಡಡ್ಡ ಮೂರು ಅಗಲವಾದ ಪಟ್ಟಿ ಒತ್ತಿ ಕೂತಿದೆ. ಎಡ ಹೆಗಲ ಮೇಲೆ ಅಂಗೈಯಗಲ ಜೊಲ್ಲಿನ ಕಲೆ. ತೋಳಿಗೆ ಟೀ. ಜೇಬಿನಲ್ಲಿ ಬಿಸ್ಕತ್ತಿನ ಪುಡಿ. ಇದನ್ನು ಹಾಕಿಕೊಂಡವನು ಕೂತ ಕಡೆಯೇ ಗಂಟೆಗಟ್ಟಲೆ ಗೊರಕೆ ಹೊಡೆದಿದ್ದಾನೆ ಎಂದು ಹೇಳಲು ಶಾಸ್ತ್ರವೂ ಬೇಕಾಗಿಲ್ಲ.

ಆಗ ನನಗೆ ಹೊಳೆಯಿತು. ಆರು, ಮತ್ತೊಂದು. ಒಟ್ಟು ಏಳು! ಘೋಷಿಸಿದ ಖರ್ಚಿನಲ್ಲಿ ಆರು, ತೊಟ್ಟಿಯಲ್ಲಿ ಏಳು. ಇನ್ನೂ ದೊಡ್ಡ ವಿಚಿತ್ರ ಎಂದರೆ, ಸೋಮವಾರ ಒಣಗಿದ ಬಟ್ಟೆ ಇಸ್ತ್ರಿ ಮೇಜಿಗೆ ಬಂದಾಗ ಮತ್ತೆ ಆರೇ. ಮುಂದಿನ ಶುಕ್ರವಾರ ಮತ್ತೆ ಏಳು, ಸೋಮವಾರ ಆರು. ನನ್ನ ಸ್ವಂತ ಅಂಗಳದಿಂದ ಸಾಕ್ಷಿಯನ್ನು ಮಾಯ ಮಾಡುವಷ್ಟು ಉದ್ದ ಇದೆಯೇ ಅಧಿಕಾರದ ಕೈ?

"ಏನೇ, ಎಂಪಿ ಅಂಗಿ ಏಳು ಬರ್ತಾ ಇದಾವಲ್ಲೇ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಗಿರಾಕಿಯ ಪ್ಯಾಂಟು ಮಡಿಸುತ್ತಿದ್ದವಳು ಅದನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ನಿಮಗೆ ಎಣಿಸೋಕೆ ಬರಲ್ಲ, ಸುಮ್ನಿರಿ."

"ನನಗಾ?"

"ರೀ, ಆ ಎಂಪಿ ಸಹವಾಸ ನಮಗ್ಯಾಕೆ? ನಿಮ್ಮ ಪಾಡಿಗೆ ನೀವು ಒಗೀರಿ."

ಹೆದರಿದ್ದಾಳೆ ಪಾಪ, ದೊಡ್ಡವರ ವಿಷಯ ಎಂದುಕೊಂಡೆ. ಕ್ರಾಂತಿಕಾರಿಗಳ ಹೆಂಡಂದಿರು ಎಲ್ಲ ಕಾಲದಲ್ಲೂ ಹೀಗೇ ಇದ್ದಿರಬೇಕು.

ಅಂಗಡಿಯ ಹೊರಗೆ ಕಪ್ಪು ಹಲಗೆ ತೂಗುಹಾಕಿದೆ. ದಪ್ಪ ಅಕ್ಷರದಲ್ಲಿ "ನಿಮ್ಮ ಸದಸ್ಯರ ಸತ್ಯವಾದ ದಾಖಲೆ. ಕೂತದ್ದು: ಒಂದು ದಿನ. ಆ ದಿನ ಮಾಡಿದ್ದು: ನಿದ್ದೆ. ಮಾತು: ಇಲ್ಲ. ಮತ: ಇಲ್ಲ. ಘೋಷಿಸಿದ ಅಂಗಿ: ಆರು. ಸಿಕ್ಕಿದ್ದು: ಏಳು" ಎಂದು ಬರೆದೆ. ಪ್ರತಿ ಶುಕ್ರವಾರ ಹೊಸ ದಾಖಲೆ. ಜನ ಸೈಕಲ್ ನಿಲ್ಲಿಸಿ ಓದತೊಡಗಿದರು. ಬೇಕರಿಯವರು ಬನ್ನು ಕೊಡುವಾಗ "ಏಳನೇದು ಎಲ್ಲಿಂದ ಬಂತಂತೆ?" ಎಂದು ಕೇಳತೊಡಗಿದರು. ಯಾರೋ ಗುತ್ತಿಗೆದಾರ ಉಡುಗೊರೆ ಕೊಟ್ಟದ್ದು ಎಂದು ಒಬ್ಬರು, ಸಂಸದರಿಗೆ ಇನ್ನೊಂದು ಸಂಸಾರ ಇದೆ ಎಂದು ಮತ್ತೊಬ್ಬರು. ನಾನು ಎರಡನ್ನೂ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ. ಮುಗುಳ್ನಕ್ಕೆ. ಕ್ಷೌರದಂಗಡಿಯಲ್ಲಿ ತಲೆ ಕೊಟ್ಟು ಕೂತವರೂ ಕನ್ನಡಿಯಲ್ಲಿ ನನ್ನ ಹಲಗೆಯನ್ನೇ ಓದುತ್ತಿದ್ದರು.

ಮಗಳು ಮಾತ್ರ ಸುಮ್ಮನಿರಲಿಲ್ಲ. "ಅಪ್ಪಾ, ಸುಕ್ಕಿಲ್ಲದಿದ್ರೆ ಬಂದೇ ಇಲ್ಲ ಅಂತೀರಿ. ಸುಕ್ಕಿದ್ರೆ ಮಲಗಿದ್ರು ಅಂತೀರಿ. ಹಾಗಾದ್ರೆ ಪಾಪ ಆ ಮನುಷ್ಯ ಪಾಸಾಗೋದು ಹೇಗೆ?"

"ಅದು ಅವರ ತಲೆನೋವು," ಎಂದೆ.

ಇಲ್ಲಿ ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮ ಸಂಘದ ಸಭೆ ಪ್ರತಿ ಗುರುವಾರ ಸಂಜೆ, ಸೈಕಲ್ ಷಾಪಿನ ಮೇಲಿನ ಹಾಲಿನಲ್ಲಿ. ನಾನು ಒಂದು ಸಭೆಯನ್ನೂ ತಪ್ಪಿಸಿದವನಲ್ಲ. ಮುಖ ತೊಳೆದು ಬರುವಷ್ಟರಲ್ಲಿ ನನ್ನ ಬಿಳಿ ಅಂಗಿ ಮೊಳೆಗೆ ನೇತಾಡುತ್ತಿರುತ್ತದೆ. ನನಗಿರುವ ಒಳ್ಳೆಯ ಅಂಗಿ ಅದೊಂದೇ, ಆದರೆ ಎರಡು ವರ್ಷದಿಂದ ಅದು ಹೊಸದರ ಹಾಗೇ ಇದೆ. ನನ್ನ ಗಂಜಿಯ ಮಹಿಮೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಸಭೆಯಲ್ಲಿ ನಾನು ಕೂರುವುದು ಹಿಂದಿನ ಸಾಲಿನಲ್ಲಿ, ಗೋಡೆಯ ಪಕ್ಕ. ಮಾತಾಡುವ ಚಪಲ ನನಗಿಲ್ಲ. ಕಣ್ಣು ಮುಚ್ಚಿಕೊಂಡು, ಪೂರ್ತಿ ಗಮನವಿಟ್ಟು ಕೇಳುತ್ತೇನೆ. ಎರಡು ಗಂಟೆ ಹೇಗೆ ಕಳೆಯಿತು ಎಂಬುದೇ ತಿಳಿಯುವುದಿಲ್ಲ, ಅಷ್ಟು ಏಕಾಗ್ರತೆ.

ಚುನಾವಣೆಯ ಹಿಂದಿನ ಶುಕ್ರವಾರ ನಾನು ಒಂದು ಉಪಾಯ ಮಾಡಿದೆ. ಏಳನೆಯ ಅಂಗಿಯನ್ನು ತೊಟ್ಟಿಗೆ ಹಾಕಲೇ ಇಲ್ಲ. ಕಲೆ, ಸುಕ್ಕು, ಬಿಸ್ಕತ್ತಿನ ಪುಡಿ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಂಜಿಯ ಡಬ್ಬದ ಹಿಂದೆ ಬಚ್ಚಿಟ್ಟೆ. ಅವತ್ತು ಸಂಜೆಯಿಂದ ಹೆಂಡತಿಯ ಮುಖದ ಬಣ್ಣವೇ ಬದಲಾಯಿತು. ಕಪಾಟು ಎಳೆದಳು, ಗಂಟು ಬಿಚ್ಚಿದಳು, ಮೇಜಿನ ಕೆಳಗೆ ಬಗ್ಗಿದಳು.

"ರೀ, ಒಂದು ಬಿಳಿ ಅಂಗಿ ಏನಾದ್ರೂ ಕಂಡ್ರಾ?"

"ಯಾರದ್ದು?"

"ಯಾರದ್ದೋ. ಕಂಡ್ರೆ ಹೇಳಿ."

"ನನಗೆ ಎಣಿಸೋಕೆ ಬರಲ್ವಲ್ಲ," ಎಂದೆ. ನಾಲ್ಕು ತಿಂಗಳ ಸೇಡು ಆ ಒಂದು ಮಾತಿನಲ್ಲಿ ತೀರಿತು. ಶನಿವಾರ ಡ್ರೈವರು ಬಂದಾಗ ಅವಳು ಅವನ ಹತ್ತಿರ ತುಂಬ ಹೊತ್ತು ಏನೋ ಗುಸುಗುಸು ಬೇಡಿಕೊಳ್ಳುತ್ತಿದ್ದಳು. ಆರರ ಬದಲು ಐದೇ ಅಂಗಿ ಹೋದವು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಗುರುವಾರ ಬಂತು. ನಮ್ಮ ಸಂಘದಲ್ಲಿ ಅಂಗಡಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದು ಮತ, ಹೀಗಾಗಿ ಹೆಂಡತಿಯೂ ಹೊರಟಳು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಮಗಳು. ಮುಖ ತೊಳೆದು ಬಂದು ನೋಡಿದರೆ ಮೊಳೆಯ ಮೇಲೆ ನೀಲಿ ಅಂಗಿ.

"ಇದೇನೇ ಇದು?"

"ಇವತ್ತೊಂದಿನ ನೀಲಿ ಹಾಕ್ಕೊಳ್ಳಿ. ನಿಮಗೆ ಒಪ್ಪತ್ತೆ."

"ಅಧ್ಯಕ್ಷ ಆಗೋನು ಗೆರೆ ಗೆರೆ ನೀಲಿ ಅಂಗಿ ಹಾಕ್ಕೊಂಡು ಹೋಗ್ಬೇಕಾ? ಎಲ್ಲಿ ನನ್ನ ಬಿಳಿ ಅಂಗಿ?"

"ನಿಮ್ಮ ಬಿಳಿ ಅಂಗಿ..." ಎಂದು ಅವಳು ಬಾಯಿ ತೆರೆದಳು. "ರೀ, ಸ್ವಲ್ಪ ಕೂತ್ಕೊಳ್ಳಿ, ಒಂದು ವಿಷಯ ಹೇಳ್ತೀನಿ."

"ಪ್ರಜಾಪ್ರಭುತ್ವ ಬಾಗಿಲಲ್ಲಿ ಕಾಯ್ತಾ ಇದೆ, ನಿನಗೆ ಈಗ ಮಾತು! ಅಂಗಿ ಕೊಡು ಮೊದಲು!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಹಣೆಬರಹ," ಎಂದು ಒಳಗೆ ಹೋಗಿ ಬಿಳಿ ಅಂಗಿ ತಂದು ಕೈಗೆ ತುರುಕಿದಳು. ಗರಿಗರಿಯಾಗಿತ್ತು.

ಹಾಲು ಕಿಕ್ಕಿರಿದಿತ್ತು. ಮೊದಲು ಹಳೆಯ ವರದಿ, ಆಮೇಲೆ ಚರಂಡಿ, ಆಮೇಲೆ ಬೀದಿದೀಪ. ನಾನು ಅಭ್ಯಾಸದಂತೆ ಹಿಂದಿನ ಸಾಲಿನಲ್ಲಿ ಕೂತು ಏಕಾಗ್ರನಾದೆ. ಯಾರೋ ಪಕ್ಕೆಗೆ ತಿವಿದಾಗ ನನ್ನ ಸರದಿ ಬಂದಿತ್ತು. ಎದ್ದು ಮುಂದೆ ಹೋಗುವಾಗ ನೋಡುತ್ತೇನೆ, ಮೊದಲ ಸಾಲಿನಲ್ಲಿ ಸಂಸದರೇ ಕೂತಿದ್ದಾರೆ! ಪಕ್ಕದಲ್ಲಿ ಅವರ ಡ್ರೈವರು. ಅಧಿವೇಶನ ಮುಗಿದಿತ್ತಂತೆ. ಬಂದ ದಾರಿಯಲ್ಲೇ ವಾಪಸ್ಸು ಹೋಗೋಣ ಎನಿಸಿತು. ಆದರೆ ಅಷ್ಟು ಜನರ ಮುಂದೆ ಹಿಂದೆ ಸರಿಯುವುದು ಹೇಗೆ? ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟು ಗುಡುಗಿದೆ.

"ಬಂಧುಗಳೇ! ನಿಮ್ಮ ಪರವಾಗಿ ಕೂತವನು ಎಚ್ಚರ ಇರಬೇಕೋ ಬೇಡವೋ?"

"ಬೇಕು!" ಎಂದು ಹಾಲು ಕೂಗಿತು.

"ಬಾಯಿ ಬಿಡಬೇಕೋ ಬೇಡವೋ? ಕೈ ಎತ್ತಬೇಕೋ ಬೇಡವೋ?"

"ಬೇಕು! ಬೇಕು!"

"ಹಾಗಾದ್ರೆ ಇದನ್ನ ನೋಡಿ!" ಎಂದು ಚೀಲ ಬಿಚ್ಚಿ ಏಳನೆಯ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನು ತೋರಿಸಿದೆ. ಬಿಸ್ಕತ್ತಿನ ಪುಡಿ ಉದುರಿತು. ಅದಕ್ಕೂ ಚಪ್ಪಾಳೆ ಬಿತ್ತು. ಹೆಂಡತಿ ಮಾತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಸಂಸದರು ನಿಧಾನವಾಗಿ ಎದ್ದರು. ಸಣ್ಣ ದನಿಯ ಮನುಷ್ಯ. "ಶನಿವಾರ ಒಂದು ಅಂಗಿ ಕಡಿಮೆ ಬಂತು, ಕೇಳ್ಕೊಂಡು ಹೋಗೋಣ ಅಂತ ಬಂದೆ. ಇದೇ ಅದು, ಗುರುತು ನನ್ನದೇ," ಎಂದು ಕಾಲರ್ ತಿರುಗಿಸಿ ನೋಡಿದರು. "ಆದ್ರೆ ಈ ಪಟ್ಟಿ ಎಲ್ಲಿಂದ ಬಂತು ಅಂತ ಗೊತ್ತಾಗ್ತಾ ಇಲ್ಲ."

"ನೀವು ನಿದ್ದೆ ಮಾಡಿದ ಕುರ್ಚಿಯಿಂದ, ಸಾಹೇಬ್ರೇ!"

"ನಮ್ಮ ಸದನದ ಕುರ್ಚಿಗೆ ಮೆತ್ತೆ ಇದೆಯಲ್ಲಾ. ಅದೂ ಅಲ್ದೆ ನಾನು ಕೋಟು ಹಾಕಿರ್ತೀನಿ. ಅಂಗಿ ಬೆನ್ನು ಸುಕ್ಕಾಗೋದೇ ಇಲ್ಲ."

"ಕೋಟಾ? ಕೋಟು ನಮ್ಮಲ್ಲಿಗೆ ಬಂದೇ ಇಲ್ಲ!"

"ಕೋಟು ಬೇರೆ ಕಡೆ ಕೊಡ್ತೀನಿ. ನಿಮ್ಮಲ್ಲಿ ಎರಡು ವಾರ ಆಗತ್ತೆ."

ಅಷ್ಟೂ ದಿನ ಅವರ ಮೇಲೆ ಬರದಿದ್ದ ನಿಜವಾದ ಸಿಟ್ಟು ನನಗೆ ಆಗ ಬಂತು. ಆದರೂ ಸೋಲದೆ, "ಮತ? ಮತಕ್ಕೆ ಕೈ ಎತ್ತಿದ್ರೆ ಕಂಕುಳು ಜಗ್ಗಬೇಕಿತ್ತು!" ಎಂದೆ.

"ನಾವು ಗುಂಡಿ ಒತ್ತೋದು," ಎಂದರು ಸಂಸದರು, ಬೇಸರವಿಲ್ಲದೆ.

ಅಷ್ಟರಲ್ಲಿ ಕ್ಷೌರದಂಗಡಿಯವನು ಎದ್ದ. ತಾನು ಕೂತಿದ್ದ ಕಬ್ಬಿಣದ ಕುರ್ಚಿಯನ್ನು ಟಪ್ಪೆಂದು ಮಡಿಸಿ, ಎತ್ತಿ ತಂದು, ಅದರ ಬೆನ್ನನ್ನು ಅಂಗಿಯ ಬೆನ್ನಿಗೆ ಹಿಡಿದ. ಮೂರು ಕಬ್ಬಿಣದ ಪಟ್ಟಿ, ಮೂರು ಸುಕ್ಕಿನ ಪಟ್ಟಿ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಇದು ನಮ್ಮ ಹಾಲಿನ ಕುರ್ಚಿ ಕಣ್ರಪ್ಪಾ!" ಎಂದ. ಆಮೇಲೆ ನನ್ನ ಕಡೆ ನೋಡಿದ. "ಅಣ್ಣಾ, ಸ್ವಲ್ಪ ಆ ಕಡೆ ತಿರುಗು."

"ಯಾಕೆ?"

"ತಿರುಗು ಅಣ್ಣಾ."

ತಿರುಗಿದೆ. ಹಾಲಿನಲ್ಲಿ ಎದ್ದ ನಗುವಿಗೆ ಕೆಳಗಿನ ಷಾಪಿನಲ್ಲಿ ಸೈಕಲ್ಲುಗಳು ಬಿದ್ದವಂತೆ. ನನ್ನ ಬೆನ್ನು ನನಗೆ ಕಾಣುತ್ತಿರಲಿಲ್ಲ, ಆದರೆ ಎಡ ಹೆಗಲು ಕಂಡಿತು. ಅದು ಒದ್ದೆಯಾಗಿತ್ತು.

ಕ್ಷೌರದವನಿಗೆ ಊರಿನವರ ಕಾಲರನ್ನೆಲ್ಲ ಮಡಿಸಿ ಅಭ್ಯಾಸ. ಒಂದೇ ಬೆರಳಿನಲ್ಲಿ ನನ್ನ ಕಾಲರ್ ಹೊರಳಿಸಿದ. "ಎರಡು ಚುಕ್ಕಿ, ಒಂದು ಗೀಟು!" ಎಂದು ಕೂಗಿದ.

"ಏನೇ ಇದು?" ಎಂದು ಹೆಂಡತಿಯ ಕಡೆ ತಿರುಗಿದೆ.

ಹೆಂಡತಿ ಎದ್ದು ನಿಂತಳು. ಮುಖ ಕೆಂಪಾಗಿತ್ತು. ಆದರೆ ಮಾತು ಶುರುವಾದ ಮೇಲೆ ನಿಲ್ಲಲಿಲ್ಲ.

"ಇವರ ಬಿಳಿ ಅಂಗೀನ ಎರಡು ವರ್ಷದ ಹಿಂದೆ ಇವರೇ ಸುಟ್ಟರು. ಪೇಪರ್ ಓದ್ತಾ ಇಸ್ತ್ರಿ ಪೆಟ್ಟಿಗೇನ ಬೆನ್ನ ಮೇಲೇ ಇಟ್ಟುಬಿಟ್ಟಿದ್ರು. ಇವರಿಗೆ ಗೊತ್ತೇ ಆಗ್ಲಿಲ್ಲ. ಗೊತ್ತಾದ್ರೆ ಮನಸ್ಸಿಗೆ ಹಚ್ಕೋತಾರೆ. ಇಸ್ತ್ರಿಯವನೇ ಸುಟ್ಟ ಅಂಗಿ ಹಾಕ್ಕೊಂಡು ಸಭೆಗೆ ಬಂದ್ರೆ ನಗೆಪಾಟಲು. ಸಾಹೇಬ್ರದ್ದೂ ಇವರದ್ದೂ ಹೊಟ್ಟೆ ಅಳತೆ ಒಂದೇ. ಅದಕ್ಕೆ ಗುರುವಾರ ಒಂದು ಎತ್ಕೊಡ್ತಿದ್ದೆ. ಶುಕ್ರವಾರ ಇವರು ಒಗೆದ ಮೇಲೆ ಸಂಜೆ ನಾನೇ ಇಸ್ತ್ರಿ ಮಾಡಿ ಕಪಾಟಿಗೆ ಸೇರಿಸ್ತಿದ್ದೆ. ಶನಿವಾರ ಆರಕ್ಕೆ ಆರು. ಎರಡು ವರ್ಷದಲ್ಲಿ ಒಂದು ಅಂಗಿ ಕಡಿಮೆ ಹೋಗಿಲ್ಲ, ಒಂದು ಗುಂಡಿ ಬಿದ್ದಿಲ್ಲ. ತಪ್ಪು ನನ್ನದು ಸಾಹೇಬ್ರೇ, ಕ್ಷಮಿಸಿ. ಇವರಿಗೆ ಏನೂ ಗೊತ್ತಿಲ್ಲ. ಯಾವತ್ತೂ ಗೊತ್ತಿರಲ್ಲ."

ನಾನು ನೆಲ ನೋಡುತ್ತಿದ್ದೆ. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನ ಮಾನ ಉಳಿಸಲು ಇವಳು ಎರಡು ವರ್ಷ ಇಷ್ಟೆಲ್ಲ ಮಾಡಿದಳಲ್ಲ, ಹೇಳಲು ಬಂದಾಗ ನಾನು ಬಾಯಿ ಮುಚ್ಚಿಸಿದೆನಲ್ಲ ಎಂದು ನನ್ನ ಮೇಲೇ ಬೇಸರವಾಯಿತು.

ಸಂಸದರು ಅವಳ ಕಡೆ ತಿರುಗಿದರು. "ಪ್ರತಿ ಗುರುವಾರ ನನ್ನ ಅಂಗಿ ಈ ಸಭೆಗೆ ಬಂದಿದೆಯಾ ತಾಯಿ?"

"ಒಂದೂ ತಪ್ಪಿಲ್ಲ ಸಾಹೇಬ್ರೇ."

"ಹಾಗಾದ್ರೆ ಅದನ್ನೂ ನನ್ನ ಹಾಜರಿಗೆ ಸೇರಿಸೋಕೆ ಹೇಳ್ಬೇಕು," ಎಂದರು. ಆ ಮನುಷ್ಯ ನಲವತ್ತೆರಡು ಸಲ ಮಾತಾಡಿದ್ದಾರೆ ಎಂಬುದನ್ನು ನಾನು ಅಂದೇ ನಂಬಿದೆ.

ಸೈಕಲ್ ಷಾಪಿನ ಅಜ್ಜ ಸಭೆಯಲ್ಲಿ ಟೀ ಜೊತೆ ಹಂಚುವ ಬಿಸ್ಕತ್ತಿನ ಖಾಲಿ ಡಬ್ಬ ಮೇಜಿನ ಮೇಲಿಟ್ಟು ಮತದಾನ ಎಂದರು. ಆಗ ಕ್ಷೌರದವನು ಮತ್ತೆ ಎದ್ದ. "ನಾನು ಹಿಂದೆ ಸರೀತೀನಿ. ಗಂಡನ ಮಾನ, ಗಿರಾಕಿಯ ಅಂಗಿ ಎರಡನ್ನೂ ಎರಡು ವರ್ಷ ಕಾಯ್ದೋರು ಅಲ್ಲಿದಾರೆ. ಅಕ್ಕನೇ ಅಧ್ಯಕ್ಷೆ ಆಗ್ಲಿ." ಚಪ್ಪಾಳೆಗೆ ಗೋಡೆಯ ಸುಣ್ಣ ಉದುರಿತು. ಅವಳು ಬೇಡ ಬೇಡ ಎನ್ನುತ್ತಿದ್ದಂತೆಯೇ ಚೀಟಿ ಹಂಚಿಯಾಗಿತ್ತು.

ಒಟ್ಟು ಮತ ಮೂವತ್ತೊಂದು. ಅವಳಿಗೆ ಮೂವತ್ತು. ನನಗೆ ಒಂದು.

"ಇಷ್ಟಾದ್ರೂ ಅಣ್ಣ ತನ್ನ ಮತ ತಾನೇ ಹಾಕ್ಕೊಂಡಿದಾನೆ ನೋಡ್ರಪ್ಪಾ!" ಎಂದು ಯಾರೋ ಕೂಗಿದರು. ಮತ್ತೊಮ್ಮೆ ನಗು. ಆದರೆ ನನ್ನ ಚೀಟಿಯಲ್ಲಿ ನಾನು ಬರೆದದ್ದು ಹೆಂಡತಿಯ ಹೆಸರು.

ಮನೆಗೆ ಬರುವ ದಾರಿಯಲ್ಲಿ ಕೇಳಿದೆ. "ಆ ಒಂದು ಮತ ನಿನ್ನದೇನೇ?"

"ಮತ ಗುಪ್ತ ಕಣ್ರೀ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಒಂದೂ ಬೀಳದಿದ್ರೆ ನೀವು ಮನಸ್ಸಿಗೆ ಹಚ್ಕೋತೀರಿ," ಎಂದಳು.

ಹಲಗೆಯನ್ನು ನಾನೇ ಅಳಿಸಿದೆ. ಸಂಸದರ ಅಂಗಿ ಈಗಲೂ ಬರುತ್ತವೆ. ಈಗ ಕೋಟೂ ಬರುತ್ತದೆ (ಅಧ್ಯಕ್ಷೆಯ ಆಜ್ಞೆಯಂತೆ ನಮ್ಮಲ್ಲಿ ಬಿಳಿ ಬಟ್ಟೆಗೆ ವಾರಕ್ಕೆ ಎರಡು ದಿನ). ಮೊದಲ ಸಭೆ ನಡೆಸಿ ಬಂದ ಮರುದಿನ ಅವಳ ಬಟ್ಟೆ ತೊಟ್ಟಿಗೆ ಬಂತು. ಸುತ್ತಮುತ್ತ ಯಾರೂ ಇಲ್ಲ ಎಂದು ನೋಡಿಕೊಂಡು ಹರಡಿದೆ. ಬೆನ್ನಿನಲ್ಲಿ ಒಂದು ಪಟ್ಟಿಯೂ ಇಲ್ಲ. ಎರಡು ಗಂಟೆ ಒರಗಿಕೊಳ್ಳದೆ ಕೂತಿದ್ದಳು.

ಮುಂದಿನ ಗುರುವಾರ ಮುಖ ತೊಳೆದು ಬಂದಾಗ ಮೊಳೆಯ ಮೇಲೆ ಬಿಳಿ ಅಂಗಿ. ನನ್ನದೇ. ಬೆನ್ನಿನ ಸುಟ್ಟ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಅಂದವಾಗಿ ತೇಪೆ ಹಾಕಿದ್ದಳು. ಹಾಕಿಕೊಂಡೆ. ಕಾಲರ್ ಕತ್ತನ್ನು ಹಿಡಿದ ಹಿಡಿತಕ್ಕೆ ಗದ್ದ ಮೇಲಕ್ಕೆ ಏರಿತು. ಪಕ್ಕಕ್ಕೆ ತಿರುಗಬೇಕಾದರೆ ಇಡೀ ದೇಹ ತಿರುಗಿಸಬೇಕು.

"ಇದೇನೇ, ಮರದ ಹಲಗೆ ಹಾಗಿದೆ?"

"ಮೂರು ಪಟ್ಟು ಗಂಜಿ ಹಾಕಿದೀನಿ," ಎಂದಳು ಅಧ್ಯಕ್ಷೆ, ವರದಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತ. "ಇವತ್ತಿಂದ ಮೊದಲ ಸಾಲಲ್ಲಿ ಕೂತ್ಕೊಳ್ಳಿ. ತಲೆ ಎಡಕ್ಕೆ ವಾಲಿದ್ರೆ ಕತ್ತಿಗೆ ಚುಚ್ಚತ್ತೆ."